ಕ್ಯಾಶ್

ಗಲ್ಲಾಪೆಟ್ಟಿಗೆಯ ಕ್ಯಾಶಿಗೂ ಇದಕ್ಕೂ ನಂಟಿಲ್ಲ. ಮೂಲ ಫ್ರೆಂಚಿನ ‘ಕಾಶೆ’, ಅಂದರೆ ಬಚ್ಚಿಡು. ಉತ್ತರ ಅಮೆರಿಕದಲ್ಲಿ ತುಪ್ಪಳದ ಬೇಟೆಗಾರರು ದವಸ ಹೂತಿಡುತ್ತಿದ್ದ ಗುಂಡಿಗೆ ಈ ಹೆಸರಿತ್ತು. 1968ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಮಾಡೆಲ್ 85ರ ವೇಗದ ಮೆಮೊರಿಯನ್ನು ಹೀಗೆ ಕರೆಯಿತು.

ಫ್ಲ್ಯಾಶ್ ಡಿಸ್ಕಿನಲ್ಲಿ ಈ ಪದಕ್ಕೆ ಎರಡೆರಡು ಕೆಲಸ. ಅಲ್ಲಿ ಬರೆದ ಪುಟವನ್ನು ಅಳಿಸದೆ ಮತ್ತೆ ಬರೆಯಲಾಗದು, ಅಳಿಸುವುದಾದರೆ ಹಲವು ಪುಟಗಳ ಇಡೀ ಬ್ಲಾಕನ್ನೇ ಅಳಿಸಬೇಕು. ಹಾಗಾಗಿ ಡಿಸ್ಕು ಬೇರೆ ಪುಟಕ್ಕೆ ಬರೆದು, ಯಾವ ಮಾಹಿತಿ ಎಲ್ಲಿದೆ ಎಂಬ ವಿಳಾಸದ ಪಟ್ಟಿ ತಿದ್ದುತ್ತದೆ. 4 ಕೆಬಿಗೆ 4 ಬೈಟಿನ ಒಂದು ನಮೂದು ಎಂದರೂ 1 ಟಿಬಿ ಡಿಸ್ಕಿನ ಪಟ್ಟಿಯೇ ಸುಮಾರು 1 ಜಿಬಿ! ಅಗ್ಗದ ಡಿಸ್ಕುಗಳು ಅದರ ತುಣುಕನ್ನಷ್ಟೇ ಕ್ಯಾಶಿನಲ್ಲಿ ಇಟ್ಟುಕೊಳ್ಳುತ್ತವೆ. ಇನ್ನೊಂದು, ಮೂರು ಬಿಟ್ ಹಿಡಿಯುವ ಕೋಶದಲ್ಲಿ ಒಂದೇ ಬಿಟ್ ಬರೆದು ಗಳಿಸುವ ವೇಗದ ಜಾಗ. ದೊಡ್ಡ ಸಿನಿಮಾ ಫೈಲಿನ ಕಾಪಿ ಶುರುವಿನಲ್ಲಿ ಓಡಿ ನಡುವೆ ತೆವಳತೊಡಗಿದರೆ, ಈ ಕ್ಯಾಶ್ ತುಂಬಿರುವ ಸಾಧ್ಯತೆಯೇ ಹೆಚ್ಚು.