ಹಾರುವ ಓತಿ, ನಾಲ್ಕು ಕೊಂಬಿನ ಕುರಿ

ಬಿ.ಇ. ಎರಡನೇ ವರ್ಷದಲ್ಲಿ, ದಾವಣಗೆರೆಯ ಹಾಸ್ಟೆಲಿನಲ್ಲಿ ತೇಜಸ್ವಿಯವರ ‘ಕರ್ವಾಲೋ’ ಓದಿ ಮುಗಿಸಿದಾಗ ನನಗೆ ನಿಜಕ್ಕೂ ನಿರಾಸೆಯಾಗಿತ್ತು. ಅಷ್ಟೆಲ್ಲ ಕಾಡು ಅಲೆದ ಮೇಲೆ ಹಾರುವ ಓತಿ ಕೈಗೆ ಸಿಗದೆ ಕಣಿವೆಯಲ್ಲಿ ತೇಲಿಹೋಗುತ್ತದೆ. “ಇಲ್ಲದ ಪ್ರಾಣಿ ಹಿಂದೆ ಓಡ್ಸಿ ಮೋಸ ಮಾಡಿದ್ರಲ್ಲೋ” ಅಂದೆ. ರೂಮ್‌ಮೇಟ್ ನ್ಯಾಮತಿಯವನು, ಅವನ ಅಜ್ಜಿ ಮನೆ ತೀರ್ಥಹಳ್ಳಿ. “ಲೇ, ನಮ್ಮಜ್ಜಿ ತೋಟದಲ್ಲಿ ಅಡಿಕೆ ಮರದಿಂದ ಮರಕ್ಕೆ ಹಾರ್ತಾವೆ” ಅಂದ. ಬಯಲುಸೀಮೆಯವನು ನಾನು, ನಂಬಲಿಲ್ಲ.

ಆಮೇಲೆ ಹುಡುಕಿ ನೋಡಿದೆ. ಕಾದಂಬರಿ ಬಂದಿದ್ದು 1980ರಲ್ಲಿ. ಆದರೆ ಹಾರುವ ಓತಿಗೆ ಲಿನೇಯಸ್ 1758ರಲ್ಲೇ ‘ಡ್ರಾಕೋ’ ಅಂತ ಹೆಸರಿಟ್ಟಿದ್ದ. ನಮ್ಮ ಪಶ್ಚಿಮ ಘಟ್ಟದ ಜಾತಿ ವಿಜ್ಞಾನದ ಪುಸ್ತಕ ಸೇರಿದ್ದು 1837ರಲ್ಲಿ. ಪಕ್ಕೆಲುಬು ಚಾಚಿ, ಅದರ ಮೇಲಿನ ಚರ್ಮ ಬಿಚ್ಚಿ ತೇಲುತ್ತದೆ. ನಾನು ಹುಚ್ಚು ಕಲ್ಪನೆ ಅಂದುಕೊಂಡಿದ್ದು ಹಳೇ ಸತ್ಯ.

ಇದಕ್ಕಿಂತ ದೊಡ್ಡ ಏಟು ನಮ್ಮೂರಲ್ಲೇ ಕಾದಿತ್ತು. ನಮ್ಮದು ಜಗಳೂರು ತಾಲ್ಲೂಕು, 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಮಳೆ ಕಡಿಮೆ, ಕುರಿ ಜಾಸ್ತಿ. 2011ರಲ್ಲಿ ನಮ್ಮ ರಂಗಯ್ಯನದುರ್ಗದ ಕುರುಚಲು ಕಾಡನ್ನು ಕೊಂಡುಕುರಿ ವನ್ಯಧಾಮ ಅಂತ ಘೋಷಿಸಿದರು. ಬೆಂಗಳೂರಿನ ಆಫೀಸಿನಲ್ಲಿ ಕೂತು ಓದಿದೆ: ಗಂಡಿಗೆ ನಾಲ್ಕು ಕೊಂಬು, ಎರಡು ಕಿವಿಗಳ ನಡುವೆ, ಎರಡು ಪುಟ್ಟವು ಹಣೆಯ ಮೇಲೆ. 1816ರಲ್ಲೇ ಒಬ್ಬ ಫ್ರೆಂಚ್ ವಿಜ್ಞಾನಿ ಇದನ್ನು ದಾಖಲಿಸಿದ್ದ. ನನಗೆ ಮಾತ್ರ ಗೊತ್ತಿರಲಿಲ್ಲ.

ಆ ಕಾಡಂಚಿನಲ್ಲಿ ನಲವತ್ತು ವರ್ಷ ಕುರಿ ಕಾಯ್ದ ದೊಡ್ಡಪ್ಪನಿಗೆ ಫೋನ್ ಮಾಡಿದೆ. “ಕೊಂಡುಕುರಿನಾ? ನೀರು ಬಿಟ್ಟು ದೂರ ಹೋಗಲ್ಲ ಅದು. ಹಿಕ್ಕೆ ಒಂದೇ ಜಾಗದಾಗೆ ಹಾಕ್ತದೆ, ಅದನ್ನ ನೋಡಿ ಹುಡುಕಬೇಕು.” ಪುಸ್ತಕದಲ್ಲೂ ಅದೇ ಇತ್ತು.

“ಮೊದ್ಲೇ ಯಾಕೆ ಹೇಳ್ಲಿಲ್ಲ?”

“ನೀನ್ ಯಾವಾಗ ಕೇಳ್ದೆ?”

ಕಾದಂಬರಿಯಲ್ಲಿ ಊರವರು ಲೆಕ್ಕಕ್ಕಿಡದ ಮಂದಣ್ಣನ ಮಾತಿಗೆ ವಿಜ್ಞಾನಿ ಕರ್ವಾಲೋ ಕಿವಿಗೊಡುತ್ತಾರೆ. ನಾನು ಓತಿ ಸಿಗಲಿಲ್ಲ ಅಂತ ಗೊಣಗುತ್ತಾ ಮಂದಣ್ಣನನ್ನು ನೋಡಲೇ ಇಲ್ಲ. ನಮ್ಮ ಮನೆ ಮಂದಣ್ಣನನ್ನೂ ನೋಡಲಿಲ್ಲ. ಪೇಟೆ ಸೇರಿದ ನಮ್ಮಂಥವರು ಊರಿನ ಇತಿಹಾಸ ಅಂದ್ರೆ ಕೋಟೆ, ಪಾಳೆಯಗಾರ ಅಂತಷ್ಟೇ ಹುಡುಕುತ್ತೇವೆ.

ದೊಡ್ಡಪ್ಪ ಈಗ ಕುರಿ ಮಾರಿದ್ದಾರೆ, ಕಣ್ಣಿಗೆ ಪೊರೆ ಬಂದಿದೆ. ಊರಿಗೆ ಹೋದಾಗಲೆಲ್ಲ ಕೇಳಿ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ತೀನಿ. “ಕುರಿ ಕಾಯ್ದಿದ್ದೂ ಒಂದು ಕತೆಯೇನೋ?” ಅಂತ ನಗ್ತಾರೆ. ಆದ್ರೂ ಹೇಳ್ತಾರೆ.