ಕೊಡಗು ಜಿಲ್ಲೆಯ ಜೀವವಿಜ್ಞಾನ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣ ಹಾಗೂ ಉದ್ಯೋಗಾವಕಾಶಗಳು

ಪೀಠಿಕೆ

ಕೊಡಗು ಜಿಲ್ಲೆಯು ಪಶ್ಚಿಮ ಘಟ್ಟಗಳ ಮಡಿಲಿನಲ್ಲಿ 4,102 ಚದರ ಕಿಲೋಮೀಟರ್ ವಿಸ್ತೀರ್ಣವನ್ನು ಹೊಂದಿದ್ದು, ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ ಹಾಗೂ ಕುಶಾಲನಗರ ಎಂಬ ಐದು ತಾಲ್ಲೂಕುಗಳನ್ನು ಒಳಗೊಂಡಿದೆ. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಂದು ಭಾಗ, ಬ್ರಹ್ಮಗಿರಿ, ತಲಕಾವೇರಿ ಹಾಗೂ ಪುಷ್ಪಗಿರಿ ವನ್ಯಜೀವಿಧಾಮಗಳು, 1,200ಕ್ಕೂ ಹೆಚ್ಚು ದೇವರಕಾಡುಗಳು, ಮರಗಳ ನೆರಳಿನಲ್ಲಿ ಬೆಳೆಯುವ ಕಾಫಿ, ಏಲಕ್ಕಿ ಹಾಗೂ ಕರಿಮೆಣಸಿನ ತೋಟಗಳು ಈ ಜಿಲ್ಲೆಯ ಜೀವಸಂಪತ್ತಾಗಿವೆ. ಭಾರತದ ಕಾಫಿ ಉತ್ಪಾದನೆಯಲ್ಲಿ ಸುಮಾರು ಮೂರನೆಯ ಒಂದು ಭಾಗವು ಈ ಜಿಲ್ಲೆಯದಾಗಿರುತ್ತದೆ. 2012ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟಗಳ 39 ತಾಣಗಳಲ್ಲಿ ತಲಕಾವೇರಿ ಪ್ರದೇಶದ ತಾಣಗಳೂ ಸೇರಿವೆ.

ಹೀಗಿದ್ದರೂ ಜೀವವಿಜ್ಞಾನವನ್ನು ಆಯ್ದುಕೊಂಡ ವಿದ್ಯಾರ್ಥಿಗೆ ವೈದ್ಯಕೀಯ ಶಿಕ್ಷಣ ದೊರೆಯದಿದ್ದಲ್ಲಿ ಮುಂದೆ ದಾರಿಯಿಲ್ಲವೆಂಬ ಭಾವನೆ ಪೋಷಕರಲ್ಲಿ ಸಾಮಾನ್ಯವಾಗಿದೆ. ವಾಸ್ತವದಲ್ಲಿ ದಾರಿಗಳು ಹಲವು ಇರುತ್ತವೆ. ಆದರೆ ಪ್ರತಿಯೊಂದು ದಾರಿಗೂ ಪದವಿಯಲ್ಲಿ ಓದಿದ ವಿಷಯಗಳೇ ಅರ್ಹತೆಯಾಗಿರುವುದರಿಂದ, ಪದವಿಯ ಮೊದಲ ವರ್ಷದಲ್ಲಿ ಮಾಡಿಕೊಂಡ ಆಯ್ಕೆಯು ಕೆಲವು ಬಾಗಿಲುಗಳನ್ನು ತೆರೆದು ಮತ್ತೆ ಕೆಲವನ್ನು ಮುಚ್ಚುತ್ತದೆ. ಈ ಮಾಹಿತಿಯನ್ನು ವಿದ್ಯಾರ್ಥಿಗಳು ಪ್ರವೇಶಕ್ಕೆ ಮೊದಲೇ ತಿಳಿದಿರುವುದು ಸೂಕ್ತ.

ಜಿಲ್ಲೆಯಲ್ಲಿ ಲಭ್ಯವಿರುವ ಶಿಕ್ಷಣ

1. ಸಾಮಾನ್ಯ ವಿಜ್ಞಾನ ಪದವಿ: ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು 1949ರಲ್ಲಿ ಸರ್ಕಾರಿ ಕಾಲೇಜಾಗಿ ಆರಂಭಗೊಂಡು, ಜಿಲ್ಲೆಯ ವಿಜ್ಞಾನ ಶಿಕ್ಷಣಕ್ಕೆ ಬುನಾದಿಯಾಯಿತು. ಜಿಲ್ಲೆಯ ಕಾಲೇಜುಗಳು ಬಹುಕಾಲ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2023ರಲ್ಲಿ ಕೊಡಗು ವಿಶ್ವವಿದ್ಯಾಲಯವು ಕುಶಾಲನಗರ ಸಮೀಪದ ಚಿಕ್ಕಅಳುವಾರದ ಜ್ಞಾನಕಾವೇರಿ ಆವರಣದಲ್ಲಿ ಕಾರ್ಯಾರಂಭ ಮಾಡಿತು. ಜೀವರಸಾಯನವಿಜ್ಞಾನ ಹಾಗೂ ಸೂಕ್ಷ್ಮಜೀವಿವಿಜ್ಞಾನಗಳ ಸ್ನಾತಕೋತ್ತರ ವಿಭಾಗಗಳು ಮಂಗಳೂರು ವಿಶ್ವವಿದ್ಯಾಲಯದ ಕಾಲದಲ್ಲಿಯೇ ಈ ಆವರಣದಲ್ಲಿ ನಡೆದುಬಂದಿವೆ. ಹೊಸದಾಗಿ ಸ್ಥಾಪಿತವಾದ ಕೆಲವು ವಿಶ್ವವಿದ್ಯಾಲಯಗಳ ಮುಂದುವರಿಕೆಯ ವಿಷಯವನ್ನು 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಪರಿಶೀಲಿಸಿದ ಹಿನ್ನೆಲೆಯಲ್ಲಿ, ಪದವಿ ಪ್ರದಾನ ಮಾಡುವ ವಿಶ್ವವಿದ್ಯಾಲಯ ಯಾವುದೆಂಬುದನ್ನು ಪ್ರವೇಶದ ಸಮಯದಲ್ಲಿ ಕಾಲೇಜಿನಿಂದ ಖಚಿತಪಡಿಸಿಕೊಳ್ಳತಕ್ಕದ್ದು.

2. ಅರಣ್ಯಶಾಸ್ತ್ರ ಪದವಿ: ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವು 1995ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಸ್ಥಾಪನೆಗೊಂಡಿತು. ಪ್ರಸ್ತುತ ಇದು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿರುತ್ತದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯವನ್ನು ಬಿಟ್ಟರೆ ಈ ಶಿಕ್ಷಣಕ್ಕೆ ರಾಜ್ಯದಲ್ಲಿ ಹೆಸರಾದ ಸಂಸ್ಥೆ ಇದೇ ಆಗಿದೆ. ನಾಲ್ಕು ವರ್ಷಗಳ ಈ ಪದವಿಗೆ ಪ್ರವೇಶವು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ನಡೆಯುತ್ತದೆ. ರೈತರ ಮಕ್ಕಳಿಗೆ ಮೀಸಲಾದ ಸೀಟುಗಳಿದ್ದು, ಅವುಗಳನ್ನು ಬಯಸುವವರು ನಿಗದಿತ ಪ್ರಮಾಣಪತ್ರಗಳೊಂದಿಗೆ ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕಾಗುತ್ತದೆ. ತೋಟ ಹಾಗೂ ಗದ್ದೆಗಳನ್ನು ಹೊಂದಿರುವ ಕೊಡಗಿನ ಸಣ್ಣ ಬೆಳೆಗಾರರ ಮಕ್ಕಳು ಈ ಸೌಲಭ್ಯವನ್ನು ಗಮನಿಸುವುದು ಒಳಿತು.

3. ವೈದ್ಯಕೀಯ ಶಿಕ್ಷಣ: ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2016ರಿಂದ ಕಾರ್ಯನಿರ್ವಹಿಸುತ್ತಿದೆ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು ಇರುತ್ತದೆ. ಇವೆರಡಕ್ಕೂ ನೀಟ್ ಪರೀಕ್ಷೆಯ ಅರ್ಹತೆ ಕಡ್ಡಾಯವಾಗಿದೆ.

ಪದವಿಯಲ್ಲಿ ವಿಷಯಗಳ ಆಯ್ಕೆ

ರಾಜ್ಯದಲ್ಲಿ 2021-22ನೇ ಸಾಲಿನಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಕೈಬಿಟ್ಟು, 2024-25ನೇ ಸಾಲಿನಿಂದ ಮೂರು ವರ್ಷಗಳ ಪದವಿಯನ್ನು ಮರಳಿ ಜಾರಿಗೊಳಿಸಲಾಗಿದೆ. ವಿಷಯಗಳನ್ನು ಆರಿಸಿಕೊಳ್ಳುವಾಗ ವಿದ್ಯಾರ್ಥಿಗಳು ಈ ಕೆಳಕಂಡ ಅಂಶಗಳನ್ನು ಗಮನದಲ್ಲಿಡತಕ್ಕದ್ದು.

ಅ) ಭಾರತೀಯ ಅರಣ್ಯ ಸೇವೆ: ಕೇಂದ್ರ ಲೋಕಸೇವಾ ಆಯೋಗದ ಈ ಪರೀಕ್ಷೆಗೆ ಪಶುಸಂಗೋಪನೆ ಮತ್ತು ಪಶುವೈದ್ಯಕೀಯ, ಸಸ್ಯವಿಜ್ಞಾನ, ರಸಾಯನವಿಜ್ಞಾನ, ಭೂವಿಜ್ಞಾನ, ಗಣಿತ, ಭೌತವಿಜ್ಞಾನ, ಸಂಖ್ಯಾಶಾಸ್ತ್ರ, ಪ್ರಾಣಿವಿಜ್ಞಾನ ಇವುಗಳಲ್ಲಿ ಕನಿಷ್ಠ ಒಂದನ್ನು ಪದವಿಯಲ್ಲಿ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಪಡೆದಿರಬೇಕು. ಸೂಕ್ಷ್ಮಜೀವಿವಿಜ್ಞಾನ, ಜೈವಿಕ ತಂತ್ರಜ್ಞಾನ ಹಾಗೂ ಜೀವರಸಾಯನವಿಜ್ಞಾನಗಳನ್ನು ಮಾತ್ರ ಓದಿದವರ ಪದವಿಯಲ್ಲಿ ಈ ಪಟ್ಟಿಯ ಯಾವ ವಿಷಯವೂ ಇರುವುದಿಲ್ಲ. ಅವುಗಳ ಜೊತೆಗೆ ರಸಾಯನವಿಜ್ಞಾನ, ಸಸ್ಯವಿಜ್ಞಾನ ಅಥವಾ ಪ್ರಾಣಿವಿಜ್ಞಾನವನ್ನು ಓದಿದ್ದಲ್ಲಿ ಈ ತೊಡಕು ಉಂಟಾಗುವುದಿಲ್ಲ.

ಆ) ಆಹಾರ ಸುರಕ್ಷತಾ ಅಧಿಕಾರಿ: 2011ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಗಳ ಪ್ರಕಾರ ಈ ಹುದ್ದೆಗೆ ಆಹಾರ ತಂತ್ರಜ್ಞಾನ, ಜೈವಿಕ ತಂತ್ರಜ್ಞಾನ, ಜೀವರಸಾಯನವಿಜ್ಞಾನ, ಸೂಕ್ಷ್ಮಜೀವಿವಿಜ್ಞಾನ, ಕೃಷಿ, ಪಶುವೈದ್ಯಕೀಯ ಮೊದಲಾದ ಪದವಿಗಳು ಅರ್ಹತೆಯಾಗಿರುತ್ತವೆ. ಇಲ್ಲಿ ಸ್ಥಿತಿಯು ತಿರುವುಮುರುವಾಗಿದ್ದು, ಸಸ್ಯವಿಜ್ಞಾನ ಹಾಗೂ ಪ್ರಾಣಿವಿಜ್ಞಾನಗಳು ಈ ಪಟ್ಟಿಯಲ್ಲಿ ಇರುವುದಿಲ್ಲ.

ಇ) ಪ್ರೌಢಶಾಲಾ ಶಿಕ್ಷಕ: ವಿಜ್ಞಾನ ಶಿಕ್ಷಕರ ಹುದ್ದೆಗಳನ್ನು ಪಿಸಿಎಂ ಹಾಗೂ ಸಿಬಿಝಡ್ ಎಂದು ವರ್ಗೀಕರಿಸಲಾಗುತ್ತದೆ. ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನಗಳ ಸಂಯೋಜನೆಯ ಪದವಿಯೊಂದಿಗೆ ಬಿ.ಇಡಿ. ಪಡೆದವರಿಗೆ ಎರಡನೆಯ ವರ್ಗದ ಹುದ್ದೆಗಳು ಮುಕ್ತವಾಗಿರುತ್ತವೆ.

ಒಟ್ಟಿನಲ್ಲಿ, ಆಧುನಿಕ ವಿಷಯವೊಂದರ ಜೊತೆಗೆ ಮೂಲ ವಿಜ್ಞಾನದ ವಿಷಯವೊಂದನ್ನಾದರೂ ಉಳಿಸಿಕೊಳ್ಳುವುದು ಕ್ಷೇಮಕರವಾಗಿದೆ.

ಸ್ನಾತಕೋತ್ತರ ಶಿಕ್ಷಣ

ಮಂಗಳೂರು ಹಾಗೂ ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಜೀವವಿಜ್ಞಾನದ ವಿವಿಧ ಶಾಖೆಗಳಲ್ಲಿ ಎಂ.ಎಸ್ಸಿ. ವ್ಯಾಸಂಗಕ್ಕೆ ಅವಕಾಶವಿದ್ದು, ಕೊಡಗಿನ ಬಹುಪಾಲು ವಿದ್ಯಾರ್ಥಿಗಳಿಗೆ ಇವೇ ಸಮೀಪದ ಕೇಂದ್ರಗಳಾಗಿವೆ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟ ಆವರಣದಲ್ಲಿ ವನ್ಯಜೀವಿ ನಿರ್ವಹಣೆಯ ಸ್ನಾತಕೋತ್ತರ ವಿಭಾಗವಿದೆ.

ವನ್ಯಜೀವಿ ಕ್ಷೇತ್ರದಲ್ಲಿ ಆಸಕ್ತಿಯುಳ್ಳವರಿಗೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಹಾಗೂ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಎಂ.ಎಸ್ಸಿ. ವ್ಯಾಸಂಗಗಳು ಪ್ರಮುಖವಾದವು. ಸೀಟುಗಳು ಕೆಲವೇ ಇರುವುದರಿಂದ ಅಖಿಲ ಭಾರತ ಮಟ್ಟದ ಸ್ಪರ್ಧೆ ಇರುತ್ತದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಪರಿಗಣಿತ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನ ಅಥವಾ ಪ್ರಾಣಿವಿಜ್ಞಾನ ಓದಿದ ಸಾಮಾನ್ಯ ಬಿ.ಎಸ್ಸಿ. ಪದವೀಧರರಿಗೂ ಅರಣ್ಯಶಾಸ್ತ್ರದ ಎಂ.ಎಸ್ಸಿ.ಗೆ ಅವಕಾಶವಿರುತ್ತದೆ. ಪಿಯುಸಿ ನಂತರ ಅರಣ್ಯಶಾಸ್ತ್ರ ಪದವಿಗೆ ಸೀಟು ದೊರೆಯದವರಿಗೆ ಇದು ಎರಡನೆಯ ಅವಕಾಶವಾಗಿದೆ.

ಕಾಫಿ ಮಂಡಳಿಯು ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ತರಬೇತಿಯನ್ನು ನಡೆಸುತ್ತದೆ. ಜೀವವಿಜ್ಞಾನ ಪದವೀಧರರು ಇದಕ್ಕೆ ಅರ್ಜಿ ಸಲ್ಲಿಸಬಹುದಾಗಿದ್ದು, ತೋಟದಿಂದ ಬಟ್ಟಲಿನವರೆಗಿನ ಪರೀಕ್ಷೆ, ಸಂಸ್ಕರಣೆ ಹಾಗೂ ರುಚಿ ಪರಿಶೀಲನೆಯ ಕೆಲಸಗಳಿಗೆ ಇದು ನೆರವಾಗುತ್ತದೆ.

ಸಂಶೋಧನೆ

ಸಿಎಸ್ಐಆರ್-ಯುಜಿಸಿ ನೆಟ್ ಪರೀಕ್ಷೆಯ ಜೀವವಿಜ್ಞಾನ ವಿಭಾಗದಲ್ಲಿ ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿ 1ರಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ಮಾಸಿಕ 37,000 ರೂಪಾಯಿ, ನಂತರ 42,000 ರೂಪಾಯಿ ನಿಗದಿಯಾಗಿದೆ. ಪಿಎಚ್.ಡಿ. ವ್ಯಾಸಂಗವು ಕುಟುಂಬಕ್ಕೆ ಹೊರೆಯಾಗುವುದೆಂಬ ಕಾರಣಕ್ಕೆ ಹಿಂಜರಿಯುವವರು ಈ ಅಂಶವನ್ನು ಗಮನಿಸಬಹುದು. ಬಿ.ಎಸ್ಸಿ. ನಂತರ ನೇರವಾಗಿ ಸಮಗ್ರ ಪಿಎಚ್.ಡಿ.ಗೆ ಸೇರಬಯಸುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವಕಾಶವಿರುತ್ತದೆ. ಪದವಿ ವಿದ್ಯಾರ್ಥಿಗಳಿಗಾಗಿ ಮೂರು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಬೇಸಿಗೆ ಸಂಶೋಧನಾ ಶಿಷ್ಯವೇತನವನ್ನು ನಡೆಸಿಕೊಂಡು ಬಂದಿವೆ. ಪರಿಶಿಷ್ಟ ಪಂಗಡದ ಸಂಶೋಧನಾ ವಿದ್ಯಾರ್ಥಿಗಳಿಗೆ ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಶಿಷ್ಯವೇತನ ಯೋಜನೆ ಇದೆ. ಜೇನುಕುರುಬ, ಯರವ, ಬೆಟ್ಟಕುರುಬ ಸಮುದಾಯಗಳ ವಿದ್ಯಾರ್ಥಿಗಳಿಗೆ ಕಾಡಿನ ಬಗ್ಗೆ ಮನೆಯಲ್ಲಿಯೇ ದೊರೆತ ತಿಳಿವಳಿಕೆಯು ಕ್ಷೇತ್ರ ಸಂಶೋಧನೆಯಲ್ಲಿ ಬೆಲೆಯುಳ್ಳದ್ದಾಗಿದೆ.

ಜಿಲ್ಲೆಯಲ್ಲಿಯೇ ಇರುವ ಸಂಶೋಧನಾ ಕೇಂದ್ರಗಳು:

- ಕಾಫಿ ಮಂಡಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಚೆಟ್ಟಳ್ಳಿ. 1946ರಲ್ಲಿ ಆರಂಭಗೊಂಡಿದ್ದು, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಸೇರಿರುತ್ತದೆ.
- ಕೇಂದ್ರೀಯ ತೋಟಗಾರಿಕಾ ಪ್ರಾಯೋಗಿಕ ಕೇಂದ್ರ, ಚೆಟ್ಟಳ್ಳಿ. ಇದು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಾಗಿದೆ.
- ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಅಪ್ಪಂಗಳ.
- ಕೃಷಿ ವಿಜ್ಞಾನ ಕೇಂದ್ರ, ಗೋಣಿಕೊಪ್ಪಲು.
- ಅರಣ್ಯ ಮಹಾವಿದ್ಯಾಲಯ, ಪೊನ್ನಂಪೇಟೆ.

ಈ ಕೇಂದ್ರಗಳ ಕೆಲಸವು ಜಿಲ್ಲೆಯ ಬದುಕಿಗೆ ನೇರವಾಗಿ ಸಂಬಂಧಿಸಿದ್ದಾಗಿರುತ್ತದೆ. ಅರೇಬಿಕಾ ಗಿಡದ ಕಾಂಡವನ್ನು ಒಳಗಿನಿಂದ ಕೊರೆದು ಗಿಡವನ್ನೇ ಕೊಲ್ಲುವ ಬಿಳಿ ಕಾಂಡಕೊರಕ, 1990ರಲ್ಲಿ ಭಾರತದಲ್ಲಿ ಮೊದಲು ಕಂಡುಬಂದ ಕಾಯಿಕೊರಕ, ಗಿಡಹೇನುಗಳಿಂದ ಹರಡುವ ಏಲಕ್ಕಿಯ ಕಟ್ಟೆ ರೋಗ, ಕೊಡಗಿನ ಕಿತ್ತಳೆ ತೋಟಗಳನ್ನು ಕ್ಷೀಣಿಸುವಂತೆ ಮಾಡಿದ ರೋಗಗಳು, 1990ರ ದಶಕದ ಆರಂಭದಲ್ಲಿ ತುಡುವೆ ಜೇನಿನ ಕುಟುಂಬಗಳನ್ನು ನಾಶಗೊಳಿಸಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್, 2018ರ ಆಗಸ್ಟ್ ತಿಂಗಳ ಭೂಕುಸಿತಗಳ ನಂತರ ಇಳಿಜಾರುಗಳಲ್ಲಿ ಸಸ್ಯಾವರಣದ ಪುನರುಜ್ಜೀವನ, ಕಾಡಾನೆ ಮತ್ತು ಮಾನವ ಸಂಘರ್ಷ ಇವೆಲ್ಲವೂ ಜೀವವಿಜ್ಞಾನದ ವಿಷಯಗಳೇ ಆಗಿವೆ. ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯವನ್ನು ಹುಡುಕುವ ವಿದ್ಯಾರ್ಥಿಯು ಇವುಗಳಲ್ಲೊಂದನ್ನು ಆರಿಸಿಕೊಂಡಲ್ಲಿ, ಆ ಅಧ್ಯಯನವು ಪದವಿಗೂ ಬೆಳೆಗಾರರಿಗೂ ಉಪಯುಕ್ತವಾಗಬಲ್ಲದು.

ಸ್ಥಳೀಯ ಅಧ್ಯಯನವು ವಿಶ್ವಮಟ್ಟದ ಮನ್ನಣೆ ಪಡೆಯಬಲ್ಲದೆಂಬುದಕ್ಕೆ ಡಾ. ಕೆ. ಉಲ್ಲಾಸ ಕಾರಂತರು ನಿದರ್ಶನವಾಗಿದ್ದಾರೆ. ಎಂಜಿನಿಯರಿಂಗ್ ಪದವೀಧರರಾಗಿದ್ದ ಅವರು ಮುಂದೆ ವನ್ಯಜೀವಿ ವಿಜ್ಞಾನವನ್ನು ಅಭ್ಯಸಿಸಿ, 1980ರ ದಶಕದಿಂದ ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನವನ್ನು ಕೈಗೊಂಡು, ಮಂಗಳೂರು ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಕ್ಯಾಮೆರಾಗಳಲ್ಲಿ ಸೆರೆಯಾದ ಚಿತ್ರಗಳಿಂದ ಹುಲಿಗಳನ್ನು ಅವುಗಳ ಪಟ್ಟೆಗಳ ಆಧಾರದ ಮೇಲೆ ಗುರುತಿಸಿ ಸಂಖ್ಯೆಯನ್ನು ಅಂದಾಜು ಮಾಡುವ ಅವರ ವಿಧಾನವು ವ್ಯಾಪಕವಾಗಿ ಬಳಕೆಗೆ ಬಂದಿದೆ.

ವಿಶೇಷ ಸೂಚನೆ: ವನ್ಯಜೀವಿಧಾಮ ಹಾಗೂ ರಾಷ್ಟ್ರೀಯ ಉದ್ಯಾನಗಳೊಳಗೆ ಅಧ್ಯಯನ ಕೈಗೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನ್ವಯ ಅರಣ್ಯ ಇಲಾಖೆಯ ಪೂರ್ವಾನುಮತಿ ಕಡ್ಡಾಯವಾಗಿದೆ. ಅನುಮತಿಗೆ ಸಮಯ ತಗಲುವುದರಿಂದ, ಕಾಲೇಜಿನ ಮೂಲಕ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ದೇವರಕಾಡುಗಳಿಗೆ ಪ್ರವೇಶಿಸುವ ಮುನ್ನ ಸಂಬಂಧಿಸಿದ ಊರಿನ ದೇವಸ್ಥಾನ ಸಮಿತಿಯವರನ್ನು ಕಂಡು ಅಲ್ಲಿನ ಕಟ್ಟುಪಾಡುಗಳನ್ನು ಅರಿತುಕೊಳ್ಳುವುದು ಅವಶ್ಯಕ.

ಉದ್ಯೋಗಾವಕಾಶಗಳು

1. ಅರಣ್ಯ ಇಲಾಖೆ: ವಲಯ ಅರಣ್ಯಾಧಿಕಾರಿ ಹುದ್ದೆಗಳ ನೇರ ನೇಮಕಾತಿಯಲ್ಲಿ ಅರಣ್ಯಶಾಸ್ತ್ರ ಪದವೀಧರರಿಗೆ ನಿರ್ದಿಷ್ಟ ಪಾಲನ್ನು ಮೀಸಲಿಡಲಾಗುತ್ತದೆ. ಈ ಪ್ರಮಾಣವು ನಿಯಮಗಳ ತಿದ್ದುಪಡಿಗೆ ಒಳಪಡುವುದರಿಂದ ಆಯಾ ಅಧಿಸೂಚನೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ಅರಣ್ಯ ಸೇವೆಗಳಿಗೆ ದೈಹಿಕ ಅರ್ಹತೆಯೂ ಅಗತ್ಯವಾಗಿದ್ದು, ಭಾರತೀಯ ಅರಣ್ಯ ಸೇವೆಗೆ ನಾಲ್ಕು ಗಂಟೆಗಳಲ್ಲಿ ಪುರುಷರು 25 ಕಿ.ಮೀ., ಮಹಿಳೆಯರು 14 ಕಿ.ಮೀ. ನಡೆಯಬೇಕಾಗುತ್ತದೆ.

2. ಬೋಧನೆ: ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಸಂಬಂಧಿಸಿದ ವಿಷಯದ ಎಂ.ಎಸ್ಸಿ. ಹಾಗೂ ಬಿ.ಇಡಿ. ಅಗತ್ಯ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಂ.ಎಸ್ಸಿ.ಯಲ್ಲಿ ಶೇಕಡ 55 ಅಂಕಗಳೊಂದಿಗೆ ನೆಟ್ ಅಥವಾ ಕೆ-ಸೆಟ್ ಅರ್ಹತೆ, ಇಲ್ಲವೇ ನಿಯಮಾನುಸಾರ ಪಡೆದ ಪಿಎಚ್.ಡಿ. ಇರಬೇಕು. ಮೀಸಲು ವರ್ಗಗಳಿಗೆ ಅಂಕಗಳಲ್ಲಿ ರಿಯಾಯಿತಿ ಇರುತ್ತದೆ.

3. ಯೋಜನಾ ಸಹಾಯಕ ಹುದ್ದೆಗಳು: ಮೇಲ್ಕಂಡ ಸಂಶೋಧನಾ ಕೇಂದ್ರಗಳು ಯೋಜನೆಗಳ ಅಡಿಯಲ್ಲಿ ತಾತ್ಕಾಲಿಕ ಸಹಾಯಕರನ್ನು ನೇರ ಸಂದರ್ಶನದ ಮೂಲಕ ಆಯ್ಕೆ ಮಾಡಿಕೊಳ್ಳುತ್ತವೆ. ಯೋಜನೆಯ ಅವಧಿ ಮುಗಿದೊಡನೆ ಈ ಕೆಲಸವೂ ಮುಗಿಯುತ್ತದೆ. ಕಾಯಂ ನೇಮಕಾತಿಗೆ ಹಕ್ಕು ಬರುವುದಿಲ್ಲ. ಆದರೆ ಪಿಎಚ್.ಡಿ. ಪ್ರವೇಶದಲ್ಲಿ ಈ ಅನುಭವಕ್ಕೆ ಬೆಲೆ ಇರುತ್ತದೆ.

4. ಖಾಸಗಿ ಕ್ಷೇತ್ರ: ಕಾಫಿ ಸಂಸ್ಕರಣೆ ಹಾಗೂ ರಫ್ತು ಘಟಕಗಳು, ಆಹಾರ ಮತ್ತು ಔಷಧ ಕೈಗಾರಿಕೆಗಳ ಗುಣಮಟ್ಟ ಪ್ರಯೋಗಾಲಯಗಳು, ರೋಗನಿದಾನ ಪ್ರಯೋಗಾಲಯಗಳು, ಮಣ್ಣು ಮತ್ತು ಎಲೆ ಪರೀಕ್ಷೆ, ಸಸ್ಯ ನರ್ಸರಿ ಮುಂತಾದ ಕಡೆಗಳಲ್ಲಿ ಅವಕಾಶಗಳಿವೆ.

5. ಸ್ವಂತ ಉದ್ಯೋಗ: ಜೇನುಸಾಕಣೆ, ಅಣಬೆ ಬೇಸಾಯ, ಕರಿಮೆಣಸಿನ ಸಸಿಗಳ ಉತ್ಪಾದನೆ ಹಾಗೂ ಒಳನಾಡು ಮೀನು ಕೃಷಿಯು ಸ್ವಂತ ಜಮೀನುಳ್ಳ ಪದವೀಧರರಿಗೆ ಸೂಕ್ತವಾಗಿವೆ. ಇವುಗಳ ತರಬೇತಿಯ ಬಗ್ಗೆ ಕೃಷಿ ವಿಜ್ಞಾನ ಕೇಂದ್ರ ಹಾಗೂ ಸಂಬಂಧಿಸಿದ ಇಲಾಖೆಗಳಲ್ಲಿ ವಿಚಾರಿಸಬಹುದು.

ವಿದ್ಯಾರ್ಥಿವೇತನ ಹಾಗೂ ಇತರ ಸೂಚನೆಗಳು

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಅರ್ಜಿ ಸಲ್ಲಿಸಬೇಕಾಗುತ್ತದೆ. ಆಧಾರ್, ಬ್ಯಾಂಕ್ ಖಾತೆ ಹಾಗೂ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಲ್ಲಿ ಹೆಸರು ಒಂದೇ ರೀತಿಯಲ್ಲಿ ಇರುವಂತೆ ನೋಡಿಕೊಳ್ಳತಕ್ಕದ್ದು. ಕೊಡಗಿನಲ್ಲಿ ಮನೆತನದ ಹೆಸರನ್ನು ಕೆಲವು ದಾಖಲೆಗಳಲ್ಲಿ ಪೂರ್ಣವಾಗಿಯೂ ಕೆಲವುಗಳಲ್ಲಿ ಮೊದಲಕ್ಷರವಾಗಿಯೂ ಬರೆಯುವ ರೂಢಿ ಇರುವುದರಿಂದ ಈ ಬಗ್ಗೆ ವಿಶೇಷ ಗಮನ ಅಗತ್ಯ. ದೂರದ ಊರುಗಳಿಂದ ಬರುವ ವಿದ್ಯಾರ್ಥಿಗಳು ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ವಿದ್ಯಾರ್ಥಿನಿಲಯಗಳ ಸೌಲಭ್ಯವನ್ನು ಅರ್ಹತೆಗೆ ಅನುಗುಣವಾಗಿ ಪಡೆಯಬಹುದಾಗಿದೆ.

ಸರ್ಕಾರಿ ನೇಮಕಾತಿಗಳು ಅಧಿಕೃತ ಅಧಿಸೂಚನೆ ಹಾಗೂ ನಿಗದಿತ ಆಯ್ಕೆ ಪ್ರಕ್ರಿಯೆಯ ಮೂಲಕ ಮಾತ್ರ ನಡೆಯುತ್ತವೆ. ಹುದ್ದೆ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಅರ್ಹತೆ, ವಯೋಮಿತಿ, ಶುಲ್ಕ ಹಾಗೂ ಕೊನೆಯ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಆಯಾ ಸಾಲಿನ ಅಧಿಸೂಚನೆಯನ್ನು ಪೂರ್ಣವಾಗಿ ಓದಿಕೊಳ್ಳತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಪ್ರಾಂಶುಪಾಲರನ್ನು ಅಥವಾ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು ಸಂಪರ್ಕಿಸಬಹುದು.