ಒಂದಾಣೆಯ ಮೂರನೆಯ ಪಾಲು

ಭೂಕಂದಾಯದ ಪ್ರತಿಯೊಂದು ರೂಪಾಯಿಯ ಮೇಲೆ ಒಂದಾಣೆಯನ್ನು ರೈತನಿಂದ ಹೆಚ್ಚಾಗಿ ಪಡೆದು, ಆ ಆಣೆಯ ಎರಡು ಪಾಲನ್ನು ರಸ್ತೆ ಮೊದಲಾದ ಲೋಕೋಪಯೋಗಿ ಕಾಮಗಾರಿಗಳಿಗೂ ಉಳಿದ ಮೂರನೆಯ ಪಾಲನ್ನು ಶಾಲೆಗಳಿಗೂ ವಿನಿಯೋಗಿಸತಕ್ಕದ್ದೆಂದು ಮುಂಬಯಿ ಸರಕಾರವು 1863ರಲ್ಲಿ ಮಾಡಿದ ಏರ್ಪಾಡು, ಧಾರವಾಡ ಬೆಳಗಾವಿಗಳ ಸೀಮೆಯಲ್ಲಿ ಇಂದಿಗೆ ಯಾರ ನೆನಪಿನಲ್ಲಿಯೂ ಉಳಿದಂತಿಲ್ಲ. ಹತ್ತು ರೂಪಾಯಿ ಕಂದಾಯ ಕೊಡುವ ಒಕ್ಕಲಿಗನು ಅದರ ಮೇಲೆ ಹತ್ತಾಣೆ ಕೊಡಬೇಕಾಗಿತ್ತು. ಅದರಲ್ಲಿ ಮೂರಾಣೆ ನಾಲ್ಕು ಪೈ ಶಾಲೆಯ ಪಾಲು. ಅವನ ಮಗ ಶಾಲೆಗೆ ಹೋಗಲಿ, ಹೋಗದೆ ದನ ಕಾಯಲಿ, ಕೊಡುವುದು ತಪ್ಪುತ್ತಿರಲಿಲ್ಲ. ಈ ಮೂರಾಣೆ ನಾಲ್ಕು ಪೈಯ ಹಿಂದುಮುಂದನ್ನು ವಿಚಾರಿಸಹೊರಟರೆ ನಮ್ಮ ಹಳ್ಳಿಶಾಲೆಗಳ ನೂರೈವತ್ತು ವರ್ಷಗಳ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಮಾಸ್ತರನ ಅನ್ನ ಯಾವ ಕೈಯಿಂದ ಬರುತ್ತದೆಯೋ ಆ ಕೈಯ ಮಾತನ್ನೇ ಶಾಲೆ ಕೇಳುತ್ತ ಬಂದಿತೆಂಬುದು ಈ ಚರಿತ್ರೆಯನ್ನು ಓದಿದಷ್ಟೂ ನನಗೆ ದೃಢವಾಗುತ್ತಿರುವ ಸಂಗತಿ.

ಆಣೆಯ ಕಾಲಕ್ಕಿಂತ ಮುಂಚೆ ಅನ್ನ ಬರುತ್ತಿದ್ದುದು ಊರಿನಿಂದಲೇ. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಆಧಿಪತ್ಯದ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮರುವರ್ಷ ಕಳಿಸಿದ ವರದಿ ಮಿಕ್ಕವರ ವರದಿಗಳಂತೆ ಬರಿಯ ಅಂಕೆಗಳ ಪಟ್ಟಿಯಾಗದೆ, ಶಾಲೆಯೊಳಕ್ಕೆ ಹೊಕ್ಕು ಮಕ್ಕಳ ಬದಿಯಲ್ಲಿ ಕುಳಿತು ನೋಡಿದವನ ಮಾತಿನಂತಿದೆ. ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226, ಸಂಸ್ಕೃತ 23, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷು ಒಂದೇ ಒಂದು. ಓದುವವರು 6,641 ಮಂದಿ, ಎಂದರೆ ಸಾವಿರಕ್ಕೆ ಏಳು. ಅವರಲ್ಲಿ ಹೆಣ್ಣುಮಕ್ಕಳು 60. ಹಳೆಯ ಕಾಲವನ್ನು ಕೊಂಡಾಡುವವರು ಈ ಏಳನ್ನೂ ಈ ಅರವತ್ತನ್ನೂ ಮರೆಯಬಾರದು.

ಮಗುವಿಗೆ ಐದು ವರ್ಷ ತುಂಬಿದೊಡನೆ ಅಕ್ಷರಾರಂಭವೆಂದು ಕ್ಯಾಂಬೆಲ್ ಬರೆಯುತ್ತಾನೆ. ಮೊದಲು ನೆಲದ ಮೇಲೆ ಹರವಿದ ಮರಳಿನಲ್ಲಿ ಬೆರಳಿನಿಂದ ತಿದ್ದುವುದು. ಕೈ ಕುದುರಿದ ಮೇಲೆ ಓಲೆ, ಇಲ್ಲವೆ ಕಡತ. ಕಡತವೆಂದರೆ ಗಂಜಿ ಹಾಕಿ ಬಿರುಸುಗೊಳಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಚಿ, ಇದ್ದಲಪುಡಿಯನ್ನೂ ಅಂಟನ್ನೂ ಕಲಸಿ ಬಳಿದು ಒಣಗಿಸಿದ ಕರಿಯ ಹಾಳೆಗಳ ಕಟ್ಟು. ಅದರ ಮೇಲೆ ಬಳಪದಿಂದ ಬರೆದುದನ್ನು ಒದ್ದೆಯ ಬಟ್ಟೆಯಿಂದ ಒರಸಿದರೆ ಮತ್ತೆ ಹಾಳೆ ಸಿದ್ಧ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದ ಹುಡುಗನ ಅಂಗೈಯಲ್ಲಿ ಗುರುವು ಸರಸ್ವತಿಯ ಹೆಸರನ್ನು ಬರೆಯುತ್ತಿದ್ದನು. ಎರಡನೆಯವನ ಅಂಗೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂಬುದಕ್ಕೆ; ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆಲ್ಲ ಏಟು ಏರುತ್ತ ಹೋಗುವುದು. ಮನೆಯ ಹೊಲದ ಕೆಲಸಗಳನ್ನು ಮುಗಿಸಿಕೊಂಡು ಕಟ್ಟಕಡೆಗೆ ಓಡಿಬಂದು ನಿಲ್ಲುವ ಬಡವರ ಮಗನ ಅಂಗೈಯನ್ನು ಕುರಿತು ವರದಿಯಲ್ಲಿ ಮಾತಿಲ್ಲ. ನನಗಂತೂ ಅದನ್ನು ಓದುವಾಗಲೆಲ್ಲ ಆ ಅಂಗೈಯದೇ ಚಿಂತೆ.

ಓದುತ್ತಿದ್ದುದೇನು? ರಾಮಾಯಣ, ಮಹಾಭಾರತ, ಭಾಗವತಗಳು ಎಲ್ಲ ಕಡೆಯೂ ಇದ್ದವು. ಕಮ್ಮಾರ ಬಡಗಿ ಮೊದಲಾದ ಕುಶಲಕರ್ಮಿಗಳ ಮಕ್ಕಳು ವಿಶ್ವಕರ್ಮ ಪುರಾಣವನ್ನೂ, ಲಿಂಗವಂತರ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವ ಪುರಾಣಗಳನ್ನೂ ಓದುತ್ತಿದ್ದರೆಂದು ಆ ಪರಂಗಿ ಅಧಿಕಾರಿ ಹೆಸರು ಹೆಸರಾಗಿ ಎಣಿಸಿದ್ದಾನೆ. ಮೇಲಿನ ಹುಡುಗರು ಕೆಳಗಿನವರಿಗೆ ಹೇಳಿಕೊಡುವ ಪದ್ಧತಿಯನ್ನು ಮೆಚ್ಚಿಕೊಂಡು, ಇಂಗ್ಲೆಂಡು ಇದನ್ನು ಅನುಕರಿಸಿರುವುದು ಯುಕ್ತವೆಂದೂ ಹೇಳಿದ್ದಾನೆ. ಆದರೆ ಆ ವರದಿಯ ತಿರುಳಿರುವುದು ಬೇರೆ ಕಡೆ. ಈ 533 ಶಾಲೆಗಳಲ್ಲಿ ಸರಕಾರದ ಆಶ್ರಯವುಳ್ಳದ್ದು ಒಂದೂ ಇಲ್ಲವೆಂದೂ, ವಿದೇಶದ ಬಟ್ಟೆ ಬಂದು ನೇಕಾರಿಕೆ ಕುಸಿದುದರಿಂದಲೂ, ಹಿಂದಿನ ಅರಸರ ಪಾಳೆಯ ಪರಿವಾರಗಳು ಇಲ್ಲವಾದುದರಿಂದಲೂ ನಾಡು ಬಡವಾಗಿ, ಮಗುವಿನ ಕೈಕಾಲು ಗಟ್ಟಿಯಾದೊಡನೆಯೇ ಅದನ್ನು ಕೂಲಿಗೆ ಕಳಿಸಬೇಕಾದ ದುಃಸ್ಥಿತಿ ಒದಗಿರುವುದೆಂದೂ, ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಶಾಲೆಗಳೇ ಇಲ್ಲವೆಂದೂ ಅವನು ತನ್ನ ಮೇಲಧಿಕಾರಿಗಳಿಗೆ ಬಿಚ್ಚಿ ಹೇಳಿದನು. ಊರ ಕಣಜ ಬರಿದಾದರೆ ಪಾಠ ಹೇಳುವ ಐಗಳ ಜೋಳಿಗೆಯೂ ಬರಿದು. ಐಗಳು ಊರು ಬಿಟ್ಟರೆ ಅವರ ಶಾಲೆಯಾದ ಮಠದ ಬಾಗಿಲು ಮುಚ್ಚಿದಂತೆಯೇ ಸರಿ.

ಇದಾದ ನಾಲ್ಕು ದಶಕಗಳ ಮೇಲೆ ಬಂದುದು ಮುಂಬಯಿಯ ಆ ಒಂದಾಣೆ. 1869ರ ಕಾಯಿದೆ ಅದಕ್ಕೆ ಶಾಸನದ ಬಲವನ್ನು ಕೊಟ್ಟಿತು. ‘ಲೋಕಲ್ ಫಂಡು’ ಎಂದು ಜನ ಕರೆದ ಆ ನಿಧಿಯಿಂದ ದೊಡ್ಡ ಊರುಗಳಷ್ಟೇ ಅಲ್ಲದೆ ಹಳ್ಳಿಗಳಿಗೂ ಸರಕಾರಿ ಸಾಲಿ ಬಂದಿತು. ಕಟ್ಟಡವಿಲ್ಲದ ಕಡೆ ಗುಡಿಯ ಪೌಳಿಯಲ್ಲಿ, ಚಾವಡಿಯಲ್ಲಿ, ಮಠದ ಪಡಸಾಲೆಯಲ್ಲಿ ಪಾಠ ನಡೆಯಿತು. ಆ ಸೀಮೆಯ ಕನ್ನಡಕ್ಕೆ ಅದು ಸಂಕಟದ ಕಾಲ. ಮರಾಠಿಯೇ ಸರಕಾರದ ಕಚೇರಿಗಳಲ್ಲಿಯೂ ಎಷ್ಟೋ ಶಾಲೆಗಳಲ್ಲಿಯೂ ಮೆರೆಯುತ್ತಿದ್ದಾಗ, ವಿದ್ಯಾಖಾತೆಯ ಡೆಪ್ಯುಟಿ ಇನ್ಸ್‌ಪೆಕ್ಟರರಾಗಿದ್ದು, ಆ ಹುದ್ದೆಯ ಹೆಸರಿನಿಂದಲೇ ಪ್ರಸಿದ್ಧರಾದ ಡೆಪ್ಯುಟಿ ಚನ್ನಬಸಪ್ಪನವರು (1834–1881) ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿ, ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಅಕ್ಷರ ಕಲಿಸುವ ಹಕ್ಕನ್ನು ಸಂಪಾದಿಸಿಕೊಟ್ಟರು. ಶಿಕ್ಷಕರಿಗಾಗಿ 1865ರಲ್ಲಿ ಹೊರಟ ಮಾಸಿಕಕ್ಕೆ ‘ಮಠಪತ್ರಿಕೆ’ ಎಂದು ಹೆಸರಿಟ್ಟುದನ್ನು ನೋಡಿದರೆ, ಶಾಲೆಯೆಂಬ ಹೊಸ ಮಾತು ರೂಢಿಯಾಗಿದ್ದರೂ ಜನದ ಬಾಯಲ್ಲಿ ಅದು ಇನ್ನೂ ಮಠವೇ ಆಗಿದ್ದಿತೆಂಬುದು ಹೊಳೆಯುತ್ತದೆ.

ಮಾಸ್ತರನ ಸ್ಥಿತಿ ಮಾತ್ರ ಬೇರೆಯಾಯಿತು. ಸುಗ್ಗಿಯಲ್ಲಿ ಕಣದ ಮುಂದೆ ನಿಂತು ಕಾಳು ಪಡೆಯುವ ಕಷ್ಟ ತಪ್ಪಿ ತಿಂಗಳ ಪಗಾರ ಬಂದಿತು. ಅದರೊಡನೆ ಹಾಜರಿ ಪುಸ್ತಕ, ತಪಾಸಣೆ, ವರ್ಗಾವಣೆಗಳೂ ಬಂದವು. ಎಷ್ಟೋ ಹಳ್ಳಿಗಳಲ್ಲಿ ಅಂಚೆಯ ಚೀಲವೂ ಅವನ ತಲೆಗೇ ಕಟ್ಟಿತು. ಡೆಪ್ಯುಟಿ ಸಾಹೇಬರು ಬರುವರೆಂದರೆ ಹಿಂದಿನ ದಿನವೇ ನೆಲ ಸಾರಿಸಿ, ತೋರಣ ಕಟ್ಟಿ, ಮಗ್ಗಿಯನ್ನು ಮೂರು ಸಲ ಒಪ್ಪಿಸಿಕೊಂಡು, ಗೈರುಹಾಜರಿಯ ಹುಡುಗರನ್ನು ಹೊಲಗಳಿಂದ ಕರೆತಂದು ಕೂಡಿಸುವ ಗದ್ದಲ. ಸಾಹೇಬರು ಬರೆದಿಟ್ಟುಹೋದ ಎರಡು ಸಾಲಿನ ಷರಾದ ಮೇಲೆ ಮಾಸ್ತರನ ಮುಂದಿನ ವರುಷದ ನೆಮ್ಮದಿ ನಿಂತಿರುತ್ತಿತ್ತು. ಊರಿಗೆ ಹೆದರುತ್ತಿದ್ದವನು ಖಾತೆಗೆ ಹೆದರತೊಡಗಿದನು. ಇದು ಹಾನಿಯೆಂದು ಒಮ್ಮೆಗೇ ಹೇಳಲಾರೆ. ಊರಿಗೆ ಹೆದರುವ ಗುರುವಿನಿಂದ ಆಗದ ಒಂದು ಕೆಲಸ ಆ ಖಾತೆಯಿಂದ ಆಗಬೇಕಾಗಿತ್ತು.

1856ರ ಜೂನಿನಲ್ಲಿ ಧಾರವಾಡದ ಸರಕಾರಿ ಶಾಲೆಗೆ ಅಸ್ಪೃಶ್ಯರೆನಿಸಿದ ಮಹಾರ ಜಾತಿಯ ಒಬ್ಬ ಹುಡುಗನು, ಫೀಯನ್ನು ಕೊಡಲು ಸಿದ್ಧನಾಗಿದ್ದೂ, ಪ್ರವೇಶ ಸಿಕ್ಕದೆ ಹಿಂತಿರುಗಿದನು. ಸುಮ್ಮನಾಗದೆ ಅವನು ಸರಕಾರಕ್ಕೆ ಅರ್ಜಿ ಬರೆದುಕೊಂಡನು. ಜುಲೈ 21ರ ತನ್ನ ನಿರ್ಣಯದಲ್ಲಿ ಮುಂಬಯಿ ಸರಕಾರವು, ನ್ಯಾಯ ಹುಡುಗನ ಕಡೆಗೇ ಇದೆಯೆಂದು ಒಪ್ಪಿಕೊಂಡರೂ, ಒಬ್ಬನನ್ನು ಸೇರಿಸಿಕೊಳ್ಳಹೋಗಿ ಮಿಕ್ಕ ಜನರ ಪಾಲಿಗೆ ಶಾಲೆಯೇ ನಿರರ್ಥಕವಾಗುವ ಗಂಡಾಂತರವನ್ನು ತಂದುಕೊಳ್ಳಲಾರೆವೆಂದು ಕೈಚೆಲ್ಲಿತು. ಮರುವರ್ಷದ ಜನವರಿಯಲ್ಲಿ ಕಲ್ಕತ್ತೆಯ ಸರಕಾರವು, ಬಂಗಾಲದಲ್ಲಾಗಿದ್ದರೆ ಆ ಹುಡುಗನಿಗೆ ಬಾಗಿಲು ಮುಚ್ಚುತ್ತಿರಲಿಲ್ಲವೆಂದು ತನ್ನ ಅಭಿಪ್ರಾಯವನ್ನು ತಿಳಿಸಿತು. 1858ರ ಏಪ್ರಿಲಿನಲ್ಲಿ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕರು, ಸರಕಾರದ ಶಾಲೆಗಳು ಜಾತಿಭೇದವಿಲ್ಲದೆ ಸರ್ವರಿಗೂ ತೆರೆದಿರತಕ್ಕವೆಂದು ವಿಧಿಸಿದರು. ಒಬ್ಬ ಬಾಲಕನ ಅರ್ಜಿ ಧಾರವಾಡದಿಂದ ಲಂಡನ್ನಿನವರೆಗೆ ಹೋಗಿ ಒಂದು ಸಾಮ್ರಾಜ್ಯದ ನೀತಿಯಾಗಿ ಹಿಂದಕ್ಕೆ ಬಂದಿತು. ಆದರೂ ಅನೇಕ ಹಳ್ಳಿಗಳಲ್ಲಿ ಅಂಥ ಜಾತಿಗಳ ಕೇರಿಯ ಮಕ್ಕಳು ಶಾಲೆಯ ಕಟ್ಟೆಯ ಮೇಲೆಯೋ ಬಾಗಿಲ ಹೊರಗೋ ಕುಳಿತೇ ಒಳಗಿನ ಪಾಠವನ್ನು ಕೇಳಬೇಕಾಗಿದ್ದಿತು. ಶಿಕ್ಷಣವನ್ನು ಕುರಿತ 1882ರ ಹಂಟರ್ ಆಯೋಗವು ಈ ತತ್ತ್ವವನ್ನು ಎತ್ತಿಹಿಡಿಯುತ್ತಲೇ, ಅದರ ಆಚರಣೆಯಲ್ಲಿ ಎಚ್ಚರಿಕೆಯಿರಲೆಂದು ಹೇಳಿತು. ಎಚ್ಚರಿಕೆಯೆಂಬ ಆ ಒಂದು ಮಾತಿನ ನೆರಳಿನಲ್ಲಿ ಎಷ್ಟು ಮಂದಿ ಮಕ್ಕಳ ಬಾಲ್ಯ ಬಾಗಿಲ ಹೊರಗೇ ಕಳೆದುಹೋಯಿತೋ!

ಮುಂದಿನ ಕಥೆ ಅಧಿಕಾರದ ಕೈಬದಲಿನದು. 1884ರ ಕಾಯಿದೆಯಿಂದ ಜಿಲ್ಲೆಗಳಲ್ಲಿಯೂ ತಾಲೂಕುಗಳಲ್ಲಿಯೂ ಲೋಕಲ್ ಬೋರ್ಡುಗಳಾದವು. 1923ರ ಪ್ರಾಥಮಿಕ ಶಿಕ್ಷಣದ ಕಾಯಿದೆ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ಒಪ್ಪಿಸಿತು. 1947ರ ಕಾಯಿದೆ ಆ ಬೋರ್ಡುಗಳನ್ನು ಉಳಿಸಿಕೊಂಡೂ ಸರಕಾರದ ಹಿಡಿತವನ್ನು ಬಿಗಿಗೊಳಿಸಿತು. ಮೈಸೂರಿನವರದು ಇನ್ನೊಂದು ಹಾದಿ. ಅಲ್ಲಿ ಬಿ. ಎಲ್. ರೈಸರು 1868ರಲ್ಲಿ ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಮುಂದಿಟ್ಟರು. ಶಾಸನಗಳನ್ನು ಸಂಗ್ರಹಿಸಿದ ರೈಸರನ್ನು ನೆನೆಯುವ ನಾವು ಹೋಬಳಿ ಶಾಲೆಗಳ ರೈಸರನ್ನೂ ಅಷ್ಟೇ ಗೌರವದಿಂದ ನೆನೆಯಬೇಕು. ಕಡ್ಡಾಯ ಶಿಕ್ಷಣದ ಕಾನೂನು 1913ರಲ್ಲಿ ಬಂದಿತು. 1930ರ ಕಾನೂನಿನಿಂದ ಸ್ಥಳೀಯ ಅಧಿಕಾರ ಮಂಡಲಗಳ ಕೈಸೇರಿದ ಶಾಲೆಗಳನ್ನು ಸುಮಾರು ಒಂದು ದಶಕದ ಮೇಲೆ, 1941ರಲ್ಲಿ, ಸರಕಾರವೇ ಮರಳಿ ವಹಿಸಿಕೊಂಡಿತು. ಊರಿನ ಹತ್ತಿರಕ್ಕೆ ತಂದರೆ ಪಕ್ಷ ಪಂಗಡಗಳ ಕಾಟ, ದೂರಕ್ಕೊಯ್ದರೆ ಅಲಕ್ಷ್ಯದ ಕಾಟ. ಈ ಎರಡರ ನಡುವೆ ಹಳ್ಳಿಶಾಲೆ ತೂಗಾಡಿದುದು ಎರಡು ಸೀಮೆಗಳಲ್ಲಿಯೂ ಒಂದೇ ಬಗೆ.

ಬೋರ್ಡಿನ ಕಾಲದ ದಾಖಲೆ ಪುಸ್ತಕಗಳು ಈಗಲೂ ಕೆಲವು ಹಳೆಯ ಶಾಲೆಗಳ ಕಪಾಟುಗಳಲ್ಲಿವೆ. ಬದಿಯೆಲ್ಲ ಗೆದ್ದಲು ತಿಂದ ಆ ದಪ್ಪ ಹಾಳೆಗಳಲ್ಲಿ, ಟಾಕಿನಿಂದ ಬರೆದ ದುಂಡನೆಯ ಅಕ್ಷರಗಳಲ್ಲಿ ಹೆಸರು, ತಂದೆಯ ಹೆಸರು, ಜಾತಿ, ಉದ್ಯೋಗ, ಹುಟ್ಟಿದ ತಾರೀಖು ಎಂಬ ಕಲಮುಗಳು. ಹುಟ್ಟಿದ ತಾರೀಖಿನ ಕಲಮಿನ ಮೇಲೆ ಕಣ್ಣಾಡಿಸುತ್ತ ಹೋದರೆ ಸಾಲುಸಾಲಾಗಿ ಜೂನ್ 1, ಜೂನ್ 1, ಜೂನ್ 1. ‘ಯಾವಾಗ ಹುಟ್ಟಿದ್ದವ್ವಾ?’ ಎಂದು ಮಾಸ್ತರನು ಕೇಳಿದರೆ, ಸೀಗಿ ಹುಣ್ಣಿಮೆಯ ಮುಂದೆಯೋ, ದೊಡ್ಡ ಮಳೆ ಹೊಯ್ದ ವರುಷವೋ ಎಂದು ತಾಯಿ ಹೇಳುತ್ತಿದ್ದಳು; ಅವನು ಹುಡುಗನ ಎತ್ತರವನ್ನೊಮ್ಮೆ ನೋಡಿ, ವರುಷವನ್ನು ಅಂದಾಜಿನಿಂದ ಕಟ್ಟಿ, ಶಾಲೆ ತೆರೆಯುವ ದಿನವನ್ನೇ ಬರೆದುಕೊಳ್ಳುತ್ತಿದ್ದನು. ಐದು ವರ್ಷ ತುಂಬುವ ದಿನವನ್ನು ಎಣಿಸಿ ಮರಳಿನ ಮುಂದೆ ಕೂಡಿಸುತ್ತಿದ್ದ ಮನೆಗಳ ಮಕ್ಕಳಲ್ಲ ಇವರು. ಇವರ ವಂಶದಲ್ಲಿ ಅಕ್ಷರದ ಮುಂದೆ ಕುಳಿತವರಲ್ಲಿ ಇವರೇ ಮೊದಲಿಗರು. ಉತ್ತರ ಕರ್ನಾಟಕದ ಎಷ್ಟೋ ಮಂದಿ ಹಿರಿಯರು, ಮಾಸ್ತರನು ಕೊಟ್ಟ ಆ ತಾರೀಖಿನಿಂದಲೇ ನೌಕರಿಗೆ ಸೇರಿ, ಅದೇ ತಾರೀಖಿನ ಲೆಕ್ಕದಿಂದ ನಿವೃತ್ತರಾಗಿ, ಈಗಲೂ ಜೂನ್ ಒಂದರಂದೇ ಹುಟ್ಟಿದವರಾಗಿದ್ದಾರೆ.